ಮಾಡರೇಟ್ ಅಂದರೆ ಎಷ್ಟು?

ನಮಸ್ಕಾರ.

ಕಾರವಾರದಿಂದ ನೀವು ಕಳಿಸಿದ ‘ಮಾಡರೇಟ್ ಎಂಬ ಇಂಗ್ಲಿಷ್ ಪದ’ ಲೇಖನ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಬರುವುದಿಲ್ಲ. ಹಾಗಂತ ಕೈಬಿಡಬೇಡಿ.

ಮೊದಲ ಎರಡು ಪುಟ ಪೂರ್ತಿ ತೆಗೆಯಿರಿ. ಮಿತ, ಮಧ್ಯಮ, ಸಾಧಾರಣ, ಹದವಾದ ಎಂದು ನಿಘಂಟನ್ನೇ ಇಳಿಸಿಟ್ಟಿದ್ದೀರಿ. ಬುದ್ಧನ ಮಧ್ಯಮ ಮಾರ್ಗವೂ ಬೇಡ. ಈ ವಿಷಯ ಬಂದರೆ ಸಾಕು, ಎಲ್ಲರೂ ಅದನ್ನು ತಂದೇ ತರುತ್ತಾರೆ.

ಲೇಖನ ನಿಜಕ್ಕೂ ಶುರುವಾಗುವುದು ಮೂರನೇ ಪುಟದಲ್ಲಿ. ಬೈತಖೋಲ್ ಬಂದರಿನಲ್ಲಿ ನಿಮ್ಮ ಮಾವ ಮೊಬೈಲ್ ನೋಡಿ, ‘ಸಮುದ್ರ ಮಾಡರೇಟ್ ಅಂತೆ, ಇವತ್ತು ಪಾತಿ ಇಳಿಸೋದು ಬೇಡ’ ಅನ್ನುತ್ತಾರಲ್ಲ, ಅಲ್ಲಿ. ಅಷ್ಟು ಬರೆದು ಸುಮ್ನೆ ಮುಂದೆ ಹೋಗಿದ್ದೀರಿ. ಮಾಡರೇಟ್ ಅಂದರೆ ಸಾಧಾರಣ ಅಂತ ನೀವೇ ಹೇಳಿದ ಮೇಲೆ ಮಾವ ಯಾಕೆ ಹಿಂದೆ ಸರಿದರು? ಓದುಗ ಕೇಳುವುದು ಅದನ್ನೇ ಅಲ್ವಾ?

ಸಮುದ್ರದ ಸ್ಥಿತಿ ಹೇಳುವವರಿಗೆ ಮಾಡರೇಟ್ ಅಂದರೆ 1.25ರಿಂದ 2.5 ಮೀಟರ್ ಎತ್ತರದ ಅಲೆ. ಆಳೆತ್ತರ ಮೀರಬಹುದು. ಟ್ರಾಲರಿನವರು ಲೆಕ್ಕಕ್ಕೆ ಇಡದಿರಬಹುದು, ಸಣ್ಣ ಪಾತಿ ದೋಣಿಗೆ ಅದು ಜಾಸ್ತಿಯೇ. 2.5 ದಾಟಿದರೆ ಅದರ ಹೆಸರು ರಫ್. ಮಳೆಗೂ ಇಂಥದೇ ಲೆಕ್ಕವಿದೆ. 24 ಗಂಟೆಯಲ್ಲಿ 15.6ರಿಂದ 64.4 ಮಿ.ಮೀ. ಬಿದ್ದರೆ ಹವಾಮಾನ ಇಲಾಖೆಗೆ ಅದು ಮಾಡರೇಟ್, 64.5 ಆದರೆ ಭಾರಿ ಮಳೆ. ಜುಲೈನಲ್ಲಿ 60 ಮಿ.ಮೀ. ಬಿದ್ದರೆ ಕಾರವಾರದಲ್ಲಿ ಯಾರೂ ಅದರ ಸುದ್ದಿ ಎತ್ತುವುದಿಲ್ಲ. ಬಯಲುಸೀಮೆಯಲ್ಲಿ ಅಷ್ಟೇ ಬಂದರೆ ಊರೆಲ್ಲ ಅದೇ ಮಾತು. ಇದನ್ನು ಬರೆಯಿರಿ. ನಿಘಂಟಿನಲ್ಲಿ ಇದು ಸಿಗುವುದಿಲ್ಲ.

ಒಂದು ಕಡೆ ತಪ್ಪೇ ಇದೆ. ಸ್ವಾತಂತ್ರ್ಯಪೂರ್ವ ಕಾಂಗ್ರೆಸ್ಸಿನ ಮಾಡರೇಟರು, ಅಂದರೆ ಮಂದಗಾಮಿಗಳು, ಅಂಜುಬುರುಕರು ಎಂದಿದ್ದೀರಿ. ಅಂಕೋಲೆಯಲ್ಲಿ 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತಲ್ಲ, ಆ ಉಪ್ಪಿನ ತೆರಿಗೆ ಜಾಸ್ತಿಯಾಯಿತು ಎಂದು 1902ರಲ್ಲೇ ವೈಸರಾಯ್ ಎದುರು ಬಜೆಟ್ ಚರ್ಚೆಯಲ್ಲಿ ಅಂಕಿ ಸಮೇತ ವಾದಿಸಿದವರು ಗೋಪಾಲಕೃಷ್ಣ ಗೋಖಲೆ. ಅವರೂ ಮಾಡರೇಟರೇ. ದನಿ ಏರಿಸಲಿಲ್ಲ, ಅಷ್ಟೇ. ಆ ಸಾಲು ಹೋಗಲಿ.

‘ರಮಣೀಯ, ರುದ್ರ, ಗಂಭೀರ ಕಡಲು’ ಎಂಬಲ್ಲಿ ಮೂರೂ ವಿಶೇಷಣ ಹೊಡೆದುಹಾಕಿದ್ದೇನೆ. ಬೇಜಾರಾಗಬೇಡಿ.

ಯಾವ ಅಲೆಗೆ ಯಾವ ದೋಣಿ ದಡದಲ್ಲೇ ಉಳಿಯುತ್ತದೆ ಎಂದು ಮಾವನನ್ನು ಕೇಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ದೋಣಿ ನಡೆಸುವ ತಾಂಡೇಲರು ಆಗ ಮಾತಿಗೆ ಸಿಗುತ್ತಾರೆ. ಅವರನ್ನೂ ವಿಚಾರಿಸಿ, ಎರಡು ಪುಟದೊಳಗೆ ಬರೆದು ಕಳಿಸಿ.