ಚಪಾತಿ ಬಡಿಯುವುದಿಲ್ಲ

ಪ್ರಶ್ನೆ: ಸರ್, ನಾನು ಸಿಂಧನೂರಿನಲ್ಲಿ ಬಿ.ಎ. ಎರಡನೇ ವರ್ಷ. ಪಿಯುಸಿವರೆಗೆ ಕನ್ನಡ ಮೀಡಿಯಂ. ಇಂಗ್ಲಿಷ್ ಪ್ರಬಂಧಕ್ಕೆಂದು ದಿನಕ್ಕೆ 20 ದೊಡ್ಡ ಪದ ಬಾಯಿಪಾಠ ಮಾಡುತ್ತೇನೆ. ಆದರೂ ತುಂಗಭದ್ರಾ ಎಡದಂಡೆ ನಾಲೆಯ ಮೇಲೆ ಬರೆದ ಪ್ರಬಂಧದ ತುಂಬ ಕೆಂಪು ಗೆರೆ. 12 ರೈತರನ್ನು ಮಾತಾಡಿಸಿದ್ದೆ. "ನಮ್ಮ ಹೊಲಕ್ಕೆ ರಾತ್ರಿ ಎರಡು ತಾಸು ಅಷ್ಟೇ ನೀರು" ಎಂದು ಒಬ್ಬರು ಹೇಳಿದರು. ಪ್ರಬಂಧ ಜೊತೆಗಿಟ್ಟಿದ್ದೇನೆ. ಇನ್ನೂ ಎಷ್ಟು ಪದ ಕಲಿಯಬೇಕು?

ಉತ್ತರ: ಪ್ರಬಂಧ ಓದಿದೆ ತಂಗಿ. ನಾಲೆಯ ಕೊನೆ ಭಾಗಕ್ಕೆ ನೀರು ಮುಟ್ಟುತ್ತಿಲ್ಲ ಎನ್ನುವ ನಿನ್ನ ಮಾತು ಗಟ್ಟಿ ಇದೆ. ಕೆಡಿಸಿದ್ದು 'ಪ್ಲೆತೋರಾ'. ಅದರ ಅರ್ಥ ಬೇಕಾದ್ದಕ್ಕಿಂತ ಜಾಸ್ತಿ ಎಂದು. 'ಪ್ಲೆತೋರಾ ಆಫ್ ವಾಟರ್' ಎಂದು ಬರೆದು, ಒಣಗಿದ ನಾಲೆಗೆ ಪ್ರವಾಹ ತಂದುಬಿಟ್ಟೆ! ನಿನ್ನನ್ನು ನೋಡಿ ನಗುತ್ತಿಲ್ಲ. ಕೊಪ್ಪಳದಲ್ಲಿ ಓದುವಾಗ ನಾನೂ 'ಯೂಸ್' ಬಿಟ್ಟು ಎಲ್ಲ ಕಡೆ 'ಯುಟಿಲೈಸ್' ಬರೆಯುತ್ತಿದ್ದೆ. ಛತ್ರಿಯನ್ನೂ ಯುಟಿಲೈಸ್ ಮಾಡಿದ್ದೆ.

ಪದಕ್ಕೆ ಜೊತೆಗಾರರು ಇರುತ್ತಾರೆ. ನಮ್ಮಲ್ಲೂ ಹಾಗೇ ಅಲ್ವಾ? ರೊಟ್ಟಿ ಬಡಿಯುತ್ತೇವೆ, ಚಪಾತಿ ಲಟ್ಟಿಸುತ್ತೇವೆ. ಚಪಾತಿ ಬಡಿದೆ ಅಂದರೆ ಅರ್ಥ ಆಗುತ್ತದೆ, ಆದರೆ ನಿಮ್ಮವ್ವ ನಗುತ್ತಾಳೆ. ಹಾಗೆಯೇ 'ರಿಸರ್ಚ್' ಪಕ್ಕ 'ಮೇಕ್' ಕೂರುವುದಿಲ್ಲ. 'ಡು' ಇಲ್ಲವೇ 'ಕಂಡಕ್ಟ್' ಬೇಕು. 'ಕನ್‌ಕ್ಲೂಷನ್' ಆದರೆ 'ಡ್ರಾ'. ನೋಟ್‌ಬುಕ್ಕಿನಲ್ಲಿ ಜೋಡಿಯನ್ನೇ ಬರೆದುಕೋ, ಒಂದು ಪೂರ್ತಿ ವಾಕ್ಯದ ಸಮೇತ. ದಿನಕ್ಕೆ ಮೂರು ಸಾಕು.

ಯಾವ ಪದ ಎಂದರೆ, 2000ದಲ್ಲಿ ಆವೆರಿಲ್ ಕಾಕ್ಸ್‌ಹೆಡ್ ಎಂಬ ವಿದ್ವಾಂಸೆ 'ಅಕಾಡೆಮಿಕ್ ವರ್ಡ್ ಲಿಸ್ಟ್' ಪ್ರಕಟಿಸಿದರು. ಕಾನೂನು, ವಿಜ್ಞಾನ, ವಾಣಿಜ್ಯ ಎನ್ನದೆ ಎಲ್ಲ ಓದಿನಲ್ಲೂ ಮತ್ತೆ ಮತ್ತೆ ಬರುವ 570 ಪದ ಕುಟುಂಬಗಳು ಅದರಲ್ಲಿವೆ. 'ಅನಲೈಜ್', 'ಅನಾಲಿಸಿಸ್', 'ಅನಲಿಟಿಕಲ್' ಒಂದೇ ಮನೆಯವು. ಅತಿ ಹೆಚ್ಚು ಬಳಕೆಯ 60 ಮೊದಲ ಗುಂಪಿನಲ್ಲಿವೆ. ಈ ವರ್ಷ ಅಷ್ಟನ್ನು ಹಿಡಿ. 'ಪ್ಲೆತೋರಾ' ಆ ಪಟ್ಟಿಯಲ್ಲೇ ಇಲ್ಲ.

ಇನ್ನೊಂದು ಕೆಂಪು ಗೆರೆ 'ಪ್ರೂವ್ಸ್' ಕೆಳಗಿದೆ. ಅದು ಸರಿಯಾಗೇ ಬಿದ್ದಿದೆ. 12 ಜನರ ಮಾತಿನಿಂದ ಇಡೀ ನಾಲೆಯ ಕತೆ ಸಾಬೀತಾಗುತ್ತದೆಯೇ? 'ಸಜೆಸ್ಟ್ಸ್', ಅಂದರೆ ಸೂಚಿಸುತ್ತದೆ, ಎಂದು ಬರೆ.

ಆಮೇಲೆ, ಆ ಎರಡು ತಾಸಿನ ನೀರಿನ ಮಾತು ಪ್ರಬಂಧದಲ್ಲಿ ಹುಡುಕಿದೆ, ಸಿಗಲಿಲ್ಲ. 'ಇನ್‌ಅಡಿಕ್ವೇಟ್' (ಸಾಲದು) ಎಂಬ ಒಂದೇ ಪದದಡಿ ಮುಚ್ಚಿಹೋಗಿದೆ. ಅವರು ಹೇಳಿದ ಹಾಗೇ ಸಣ್ಣ ಇಂಗ್ಲಿಷಿನಲ್ಲಿ ಬರೆದು ಇನ್ನೊಮ್ಮೆ ಕಳಿಸು.