ಬಂಪರ್ ಹಿಂದೆ ಕೋಲ್ಡ್ ಏರ್ ಇನ್‌ಟೇಕ್ ಇದೆ, ಮಳೆಗಾಲ ಬರ್ತಿದೆ. ಎಂಜಿನ್‌ಗೆ ನೀರು ಹೋಗದ ಹಾಗೆ ಏನು ಮಾಡಲಿ?

ನೀವು ಕೇಳಿರುವುದು ಇಷ್ಟು: 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಹೋದ ತಿಂಗಳು ಕೋಲ್ಡ್ ಏರ್ ಇನ್‌ಟೇಕ್ ಹಾಕಿಸಿದ್ದೀರಿ, ಅಂದರೆ ಎಂಜಿನ್‌ಗೆ ಹೊರಗಿನ ತಣ್ಣನೆ ಗಾಳಿ ಎಳೆಯುವ ಪೈಪ್ ಮತ್ತು ಫಿಲ್ಟರ್. ಫಿಲ್ಟರ್ ಮುಂದಿನ ಬಂಪರ್ ಒಳಗೆ, ಫಾಗ್ ಲ್ಯಾಂಪ್ ಪಕ್ಕದಲ್ಲಿ ಕೂತಿದೆ. ಬೆಂಗಳೂರಿನಲ್ಲಿ ದಿನಾ ಓಡಿಸುತ್ತೀರಿ. ಮಳೆ ಹಿಡಿಯುವ ಮುಂಚೆ ಫಿಲ್ಟರಿಗೆ ಒಂದು ಪ್ಲಾಸ್ಟಿಕ್ ಕವರ್ ಕಟ್ಟಿಬಿಟ್ಟರೆ ಸಾಕಾ ಅಂತ.

ದಯವಿಟ್ಟು ಕಟ್ಟಬೇಡಿ. ಎಂಜಿನ್ ಉಸಿರಾಡುವುದೇ ಆ ಫಿಲ್ಟರ್ ಮೂಲಕ. ಮೂಗಿಗೆ ಕವರ್ ಕಟ್ಟಿಕೊಂಡು ಮೆಟ್ಟಿಲು ಹತ್ತಿದ ಹಾಗಾಗುತ್ತದೆ. ಬೇರೆ ದಾರಿಗಳಿವೆ. ಆದರೆ ಮೊದಲು ನನ್ನ ಕಥೆ ಕೇಳಿ. ಈ ಪಾಠವನ್ನು ನಾನು ಫೀಸು ಕಟ್ಟಿ ಕಲಿತವನು.

2017ರ ಮಳೆಗಾಲ. ನನ್ನದು 1.5 ಲೀಟರ್ ಸೆಡಾನ್, ಅದಕ್ಕೂ ನಿಮ್ಮ ಥರದ್ದೇ ಇನ್‌ಟೇಕ್. ಸಂಜೆ ಆಫೀಸು ಬಿಟ್ಟು ಸಿಲ್ಕ್ ಬೋರ್ಡ್ ಕಡೆಯಿಂದ ಬರುತ್ತಿದ್ದೆ. ರಸ್ತೆಯಲ್ಲಿ ನೀರು ನಿಂತಿತ್ತು, ಆದರೆ ಹೆದರುವಷ್ಟೇನೂ ಅಲ್ಲ. ಮುಂದೆ ಆಟೋಗಳು ಆರಾಮಾಗಿ ಹೋಗುತ್ತಿದ್ದವು. ನಾನೂ ಫಸ್ಟ್ ಗೇರಿನಲ್ಲಿ ನಿಧಾನಕ್ಕೆ ಇಳಿಸಿದೆ. ಅರ್ಧ ದಾರಿಯಲ್ಲಿ ಎದುರುಗಡೆಯಿಂದ ಒಂದು ಬಸ್ಸು ಬಂತು. ಅದು ಎಬ್ಬಿಸಿದ ಅಲೆ ನನ್ನ ಬಂಪರಿಗೆ ಬಡಿದು ಬಾನೆಟ್ ಅಂಚಿನವರೆಗೆ ಏರಿತು. ಎಂಜಿನ್ ಒಂದು ಸಲ ನಡುಗಿ ಆಫ್ ಆಯಿತು.

ಇಲ್ಲಿಯವರೆಗೆ ಆದದ್ದು ಬಸ್ಸಿನ ಅಲೆಯಿಂದ. ಮುಂದಿನದು ಪೂರ್ತಿ ನನ್ನ ದಡ್ಡತನ. ಹಿಂದೆ ಹತ್ತಾರು ಗಾಡಿ ಹಾರ್ನ್ ಹೊಡೆಯುತ್ತಿದ್ದವು. ಗಾಬರಿಯಲ್ಲಿ ಕೀ ತಿರುಗಿಸಿದೆ. ಏನೂ ಆಗಲಿಲ್ಲ. ಇನ್ನೊಂದು ಸಲ ತಿರುಗಿಸಿದೆ. ಎಂಜಿನ್ ಒಂದು ಕ್ಷಣ ಹಿಡಿದುಕೊಂಡಿತು, ಆಮೇಲೆ 'ಟಕ್' ಅಂತ ಒಂದು ಸದ್ದು. ಸುತ್ತಿಗೆಯಿಂದ ಕಬ್ಬಿಣಕ್ಕೆ ಹೊಡೆದ ಹಾಗೆ. ಅಷ್ಟೇ. ಎಂಜಿನ್ ಬಿಚ್ಚಿದಾಗ ಮೂರನೇ ಸಿಲಿಂಡರಿನ ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನು ಕೆಳಗೆ ತಿರುಗುವ ಕ್ರ್ಯಾಂಕಿಗೆ ಜೋಡಿಸುವ ಕಬ್ಬಿಣದ ತೋಳು) ಬಾಗಿತ್ತು. ಮೆಕ್ಯಾನಿಕ್ ಅದನ್ನು ನನ್ನ ಕೈಗೆ ಕೊಟ್ಟು, "ಮೊದಲನೇ ಸಲ ಆಫ್ ಆದಾಗಲೇ ಕೈ ಕಟ್ಟಿಕೊಂಡು ಕೂತಿದ್ದರೆ ಇದು ನೆಟ್ಟಗೇ ಇರ್ತಿತ್ತು ಸಾರ್" ಅಂದ. ಆ ರಾಡ್ ಈಗಲೂ ನನ್ನ ಮೇಜಿನ ಮೇಲಿದೆ, ಪೇಪರ್ ಹಾರದ ಹಾಗೆ ಇಡಲು.

ಇದಕ್ಕೆ ಹೈಡ್ರೋಲಾಕ್ ಅನ್ನುತ್ತಾರೆ. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಪಿಸ್ಟನ್ ಮೇಲೆ ಬರುವಾಗ ಅಲ್ಲಿ ನೀರಿದ್ದರೆ ಗೋಡೆಗೆ ಗುದ್ದಿದ ಹಾಗೆ. ಕ್ರ್ಯಾಂಕ್ ಮಾತ್ರ ತಳ್ಳುತ್ತಲೇ ಇರುತ್ತದೆ, ನಡುವೆ ಸಿಕ್ಕಿದ ರಾಡ್ ಬಾಗುತ್ತದೆ. ಎಷ್ಟು ನೀರು ಬೇಕು ಗೊತ್ತಾ? ನಿಮ್ಮ 1.2 ಲೀಟರ್ ಎಂಜಿನ್‌ಗೆ ನಾಲ್ಕು ಸಿಲಿಂಡರ್ ಅಂದರೆ ಒಂದೊಂದಕ್ಕೆ 300 ಸಿಸಿ. ಕಂಪ್ರೆಷನ್ ರೇಶಿಯೊ 11:1 ಅಂತ ಇಟ್ಟುಕೊಳ್ಳಿ, ಅಂದರೆ ಪಿಸ್ಟನ್ ಕೆಳಗಿದ್ದಾಗಿನ ಜಾಗ ಮೇಲೆ ಬಂದಾಗಿನ ಜಾಗದ 11 ಪಟ್ಟು. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ 30 ಮಿಲಿಲೀಟರ್ ಮಾತ್ರ. ಬೈಟು ಕಾಫಿಯ ಲೋಟಕ್ಕಿಂತ ಕಡಿಮೆ! 3000 ಆರ್‌ಪಿಎಂನಲ್ಲಿ ಒಂದೊಂದು ಸಿಲಿಂಡರ್ ಸೆಕೆಂಡಿಗೆ 25 ಸಲ ಉಸಿರು ಎಳೆಯುತ್ತದೆ. ಅಂದರೆ ಅಷ್ಟು ನೀರು ಒಳಗೆ ಸೇರಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಡೀಸೆಲ್ ಆದರೆ ಕಥೆ ಇನ್ನೂ ಕಷ್ಟ, ಅದರ ಕಂಪ್ರೆಷನ್ ಜಾಸ್ತಿ, ಉಳಿಯುವ ಜಾಗ ಇನ್ನೂ ಕಡಿಮೆ.

ಹಾಗಂತ ಮಳೆಗೇ ಹೆದರಬೇಡಿ. ಮೇಲಿಂದ ಬೀಳುವ ಮಳೆ, ಮುಂದಿನ ಲಾರಿಯ ಚಕ್ರದಿಂದ ಏಳುವ ತುಂತುರು, ಇವು ಎಂಜಿನ್ ಕೊಲ್ಲುವುದಿಲ್ಲ. ಫಿಲ್ಟರ್ ದಾಟಿ ಸ್ವಲ್ಪ ಹನಿ ಹೋದರೂ ಒಳಗಿನ ಬಿಸಿಗೆ ಆವಿಯಾಗುತ್ತದೆ. 2016ರ ಬಿಎಂಡಬ್ಲ್ಯು ಎಂ4 ಜಿಟಿಎಸ್ ಕಾರಿನಲ್ಲಂತೂ ಇನ್‌ಟೇಕ್ ಗಾಳಿಯನ್ನು ತಣ್ಣಗೆ ಮಾಡಲು ಕಂಪನಿಯವರೇ ನೀರು ಸಿಂಪಡಿಸುವ ವ್ಯವಸ್ಥೆ ಇಟ್ಟಿದ್ದರು. ತೊಂದರೆ ಇರುವುದು ನಿಂತ ನೀರಿನಲ್ಲಿ, ಫಿಲ್ಟರ್ ಪೂರ್ತಿ ಮುಳುಗಿದಾಗ. ಅರ್ಧ ಮುಳುಗಿದ್ದರೆ ಎಂಜಿನ್ ಉಳಿದ ಅರ್ಧದಿಂದ ಗಾಳಿ ಎಳೆದುಕೊಂಡು ಹೇಗೋ ಬಚಾವಾಗಬಹುದು. ಆಗ ಒಂದು ಅಲೆ ಬಂದರೆ ಮುಗಿಯಿತು.

ಇನ್‌ಟೇಕ್ ಹಾಕುವ ಕೆಲವರು ಒಂದು ಮಾತು ಹೇಳುತ್ತಾರೆ, ನನಗೂ ಹೇಳಿದ್ದರು. "ಫಿಲ್ಟರ್ ಕೆಳಗಿದ್ದರೂ ಪೈಪ್ ಮೇಲಕ್ಕೆ ಹತ್ತುತ್ತೆ ಸಾರ್, ನೀರು ಅಷ್ಟು ಎತ್ತರ ಏರಲ್ಲ." ಇದು ಸುಳ್ಳು. ಎಳನೀರಿಗೆ ಸ್ಟ್ರಾ ಹಾಕಿ ಹೀರುತ್ತೀರಲ್ಲ, ನೀರು ಮೇಲೆ ಬರುವುದಿಲ್ವಾ? ಇಲ್ಲಿ ಹೀರುವುದು ಎಂಜಿನ್. ಅರ್ಧ ಮೀಟರ್ ಎತ್ತರ ಅದಕ್ಕೆ ಲೆಕ್ಕವೇ ಅಲ್ಲ.

ಈಗ ಏನು ಮಾಡಬೇಕು ಅನ್ನುವುದಕ್ಕೆ ಬರೋಣ. ನಿಮಗೆ ಇಷ್ಟವಾಗದ ಉತ್ತರ ಮೊದಲು: ಜೂನ್‌ನಿಂದ ಅಕ್ಟೋಬರ್‌ವರೆಗೆ ಕಂಪನಿಯ ಹಳೇ ಏರ್‌ಬಾಕ್ಸ್ (ಗಾಳಿ ಫಿಲ್ಟರಿನ ಡಬ್ಬಿ) ವಾಪಸ್ ಹಾಕಿಸಿ. ಬಿಸಾಡಿಲ್ಲ ತಾನೇ? ಅದನ್ನು ವಿನ್ಯಾಸ ಮಾಡಿದವರು ದಡ್ಡರಲ್ಲ. ಅದರ ಬಾಯಿ ಸಾಮಾನ್ಯವಾಗಿ ರೇಡಿಯೇಟರ್ ಮೇಲೆ, ಬಾನೆಟ್ ಅಂಚಿನ ಹತ್ತಿರ ಇರುತ್ತದೆ. ಎಷ್ಟೋ ಕಾರುಗಳಲ್ಲಿ ಡಬ್ಬಿಯ ತಳದಲ್ಲಿ ಹನಿ ಸೋರಿಹೋಗಲು ಸಣ್ಣ ತೂತು ಕೂಡ ಇರುತ್ತದೆ. ಬಿಚ್ಚಿ ಹಾಕಲು ಒಂದು ಗಂಟೆಯ ಕೆಲಸ. ನಾನು ಈಗ ಮಾಡುವುದು ಇದನ್ನೇ. ಮಳೆಗಾಲಕ್ಕೆ ಹಳೇ ಡಬ್ಬಿ, ದಸರಾ ದೀಪಾವಳಿ ಕಳೆದ ಮೇಲೆ ಮತ್ತೆ ಇನ್‌ಟೇಕಿನ ಸದ್ದು.

ಸದ್ದು ಅಂತ ಬೇಕಂತಲೇ ಹೇಳಿದೆ. ಗಾಳಿ 10 ಡಿಗ್ರಿ ತಣ್ಣಗಾದರೆ ಸುಮಾರು 3 ಪರ್ಸೆಂಟ್ ದಟ್ಟವಾಗುತ್ತದೆ, ಕೋಲ್ಡ್ ಏರ್ ಇನ್‌ಟೇಕಿನ ಲೆಕ್ಕಾಚಾರ ಇದೇ. ಆದರೆ ಕಂಪನಿಯ ಏರ್‌ಬಾಕ್ಸ್ ಕೂಡ ಎದುರಿನ ಗ್ರಿಲ್ ಕಡೆಯಿಂದಲೇ ಗಾಳಿ ಎಳೆಯುವುದಾದರೆ ಹೊಸದರಿಂದ ಸಿಗುವುದೇನು? ಬೇಜಾರು ಮಾಡಿಕೊಳ್ಳಬೇಡಿ, 1.2 ಲೀಟರ್ ಎಂಜಿನ್‌ನಲ್ಲಿ ಮುಖ್ಯವಾಗಿ ಸದ್ದೇ.

ತೆಗೆಯಲು ಮನಸ್ಸೇ ಇಲ್ಲ ಅಂದರೆ ಫಿಲ್ಟರನ್ನು ಮೇಲೆ ತನ್ನಿ. ಅನೇಕ ಕಿಟ್‌ಗಳಲ್ಲಿ ಪೈಪ್ ಎರಡು ತುಂಡಾಗಿರುತ್ತದೆ. ಕೆಳಗಿನ ತುಂಡು ಬಿಚ್ಚಿ, ಫಿಲ್ಟರನ್ನು ಮೇಲಿನ ತುಂಡಿಗೇ ಸಿಕ್ಕಿಸಿದರೆ ಅದು ಎಂಜಿನ್ ಪಕ್ಕದಲ್ಲಿ, ಹೆಡ್‌ಲೈಟ್ ಎತ್ತರಕ್ಕೆ ಬರುತ್ತದೆ. ಇದಕ್ಕೆ ಶಾರ್ಟ್ ರ‍್ಯಾಮ್ ಅಂತಾರೆ. ಬಿಸಿ ಗಾಳಿ ಎಳೆಯುತ್ತದೆ, ಟ್ರಾಫಿಕ್‌ನಲ್ಲಿ ಸ್ವಲ್ಪ ಮಂದ ಅನ್ನಿಸಬಹುದು. ಪರವಾಗಿಲ್ಲ, ರಾಡ್ ನೆಟ್ಟಗಿರುತ್ತದೆ.

ಫಿಲ್ಟರ್ ಮೇಲೆ ಹಾಕುವ ನೀರು ತಡೆಯುವ ಬಟ್ಟೆಯ ಚೀಲಗಳು ಸಿಗುತ್ತವೆ. ಔಟರ್‌ವೇರ್ಸ್, ಇಂಜೆನ್, ಕೆ ಅಂಡ್ ಎನ್ ಕಂಪನಿಗಳದ್ದು ಹೆಸರುವಾಸಿ. ಕೆಸುವಿನ ಎಲೆ ಮೇಲೆ ಹನಿ ಉರುಳುವ ಹಾಗೆ ಇದರ ಮೇಲೆ ನೀರು ಉರುಳಿಹೋಗುತ್ತದೆ. ಎರಚಲಿಗೆ, ಕೆಸರಿಗೆ ಒಳ್ಳೆಯದು, ಹಾಕಿಸಿ. ಮುಳುಗಿದಾಗ ಮಾತ್ರ ಇದರಿಂದ ಉಪಯೋಗವಿಲ್ಲ, ಎಂಜಿನ್ ಹೀರುವ ರಭಸಕ್ಕೆ ಬಟ್ಟೆ ತಡೆಯುವುದಿಲ್ಲ. ಇನ್ನೊಂದು, ಬೈಪಾಸ್ ವಾಲ್ವ್. ಎಇಎಂ ಕಂಪನಿಯದ್ದು ಪ್ರಸಿದ್ಧ. ಪೈಪಿನ ಮೇಲ್ಭಾಗದಲ್ಲಿ ಕೂರುತ್ತದೆ. ಕೆಳಗಿನ ಫಿಲ್ಟರ್ ಮುಳುಗಿ ಗಾಳಿ ಕಟ್ಟಿಹೋದಾಗ ಎಳೆತ ಜಾಸ್ತಿಯಾಗಿ ಇದರ ಬಾಯಿ ತೆರೆದುಕೊಳ್ಳುತ್ತದೆ, ಎಂಜಿನ್ ಮೇಲಿನಿಂದಲೇ ಉಸಿರಾಡುತ್ತದೆ. ಒಳ್ಳೇ ಉಪಾಯ. ಆದರೆ ಟರ್ಬೊ ಕಾರುಗಳಿಗೆ ಇದು ಆಗುವುದಿಲ್ಲ. ವಾಲ್ವ್ ಕೂಡ ಮುಳುಗುವಷ್ಟು ನೀರಿದ್ದರೆ ದೇವರೇ ಗತಿ. ಇದೊಂದು ಇದೆ ಅಂತ ಧೈರ್ಯ ಮಾಡಿ ನೀರಿಗಿಳಿಯಬೇಡಿ.

ಕೆಲವರು ಪೈಪಿನ ಕೆಳಭಾಗದಲ್ಲಿ ಡ್ರಿಲ್ ಹಾಕಿ ತೂತು ಮಾಡಿಕೊಡುತ್ತಾರೆ, ನೀರು ಸೋರಲಿ ಅಂತ. ಬೇಡ. ಆ ತೂತಿನಿಂದ ಫಿಲ್ಟರ್ ಆಗದ ಧೂಳು ನೇರ ಎಂಜಿನ್‌ಗೆ. ಅದರ ಬದಲು ಮುಂದಿನ ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನರ್ ನೋಡಿ. ಇನ್‌ಟೇಕ್ ಕೂರಿಸುವಾಗ ಅದನ್ನು ಕತ್ತರಿಸಿರಬಹುದು, ಕ್ಲಿಪ್ಪು ಹಾಕದೆ ಬಿಟ್ಟಿರಬಹುದು. ನನ್ನದರಲ್ಲಿ ಹಾಗೇ ಆಗಿತ್ತು. ಲೈನರ್ ಇಲ್ಲದಿದ್ದರೆ ಟೈರು ಎರಚುವ ನೀರೆಲ್ಲ ಸೀದಾ ಫಿಲ್ಟರಿಗೆ.

ಇನ್ನು ಓಡಿಸುವ ವಿಷಯ. ಮಹೀಂದ್ರಾ ಥಾರ್ ಕೂಡ 650 ಮಿಲಿಮೀಟರ್ ನೀರಿನವರೆಗೆ ಮಾತ್ರ ಅಂತ ಕಂಪನಿಯೇ ಹೇಳುತ್ತದೆ. ನಮ್ಮ ಹ್ಯಾಚ್‌ಬ್ಯಾಕಿನ ಚಕ್ರದ ನಡುಭಾಗ ನೆಲದಿಂದ ಸುಮಾರು 30 ಸೆಂಟಿಮೀಟರ್. ಹೆಚ್ಚುಕಡಿಮೆ ನಿಮ್ಮ ಫಿಲ್ಟರ್ ಇರುವುದೂ ಅಲ್ಲೇ. ಹಾಗಾಗಿ ಫುಟ್‌ಪಾತ್ ಅಂಚು ಕಾಣದಿದ್ದರೆ ಗಾಡಿ ತಿರುಗಿಸಿ. ಹೋಗಲೇಬೇಕು ಅಂದರೆ ಎದುರಿನ ಬಸ್ಸು, ಲಾರಿ ದಾಟಿಹೋಗಿ ಅಲೆ ತಣ್ಣಗಾಗುವವರೆಗೆ ಕಾಯಿರಿ. ಎಸಿ ಆಫ್ ಮಾಡಿ, ಇಲ್ಲದಿದ್ದರೆ ರೇಡಿಯೇಟರ್ ಫ್ಯಾನ್ ತಿರುಗಿ ನೀರನ್ನು ಒಳಗೆಲ್ಲ ಚೆಲ್ಲಾಡುತ್ತದೆ. ಸಿಗ್ನಲ್ಲಿನಲ್ಲಿ ತಾನಾಗಿ ಎಂಜಿನ್ ಆಫ್ ಆಗಿ ಆನ್ ಆಗುವ ಸೌಲಭ್ಯ ಇದ್ದರೆ ಅದನ್ನೂ ಆಫ್ ಮಾಡಿ. ಸೈಲೆನ್ಸರ್‌ಗೆ ನೀರು ಹೋಗುತ್ತೆ ಅಂತ ಸುಮ್ನೆ ರೇಸ್ ಕೊಡಬೇಡಿ. ಎಂಜಿನ್ ಓಡುತ್ತಿರುವವರೆಗೆ ಹೊಗೆಯೇ ನೀರನ್ನು ತಳ್ಳುತ್ತದೆ. ರೇಸ್ ಜಾಸ್ತಿಯಾದಷ್ಟೂ ಮುಂದಿನ ಫಿಲ್ಟರ್ ಹೀರುವುದು ಜಾಸ್ತಿ.

ನೀರಿನಲ್ಲಿ ಗಾಡಿ ನಿಂತೇಹೋಯಿತು ಅಂದರೆ ಕೀ ಮುಟ್ಟಬೇಡಿ. ಸ್ಟಾರ್ಟ್ ಬಟನ್ ಇದ್ದರೆ ಅದನ್ನೂ. ತಳ್ಳಿ ಸ್ಟಾರ್ಟ್ ಮಾಡಿಕೊಡುತ್ತೇವೆ ಅಂತ ಹುಡುಗರು ಓಡಿಬರುತ್ತಾರೆ, ಒಳ್ಳೇ ಮನಸ್ಸಿನವರೇ. ನ್ಯೂಟ್ರಲ್‌ನಲ್ಲಿ ಬದಿಗೆ ತಳ್ಳಿಸಿಕೊಳ್ಳಿ, ಅಷ್ಟೇ ಸಾಕು. ಟೋ ಮಾಡಿಸಿ ಗ್ಯಾರೇಜಿಗೆ ಒಯ್ದ ಮೇಲೆ ಸ್ಪಾರ್ಕ್ ಪ್ಲಗ್ ನಾಲ್ಕೂ ಬಿಚ್ಚಿಸಿ ಎಂಜಿನ್ ತಿರುಗಿಸಬೇಕು. ಒಳಗೆ ನೀರಿದ್ದರೆ ಪ್ಲಗ್ಗಿನ ತೂತಿನಿಂದ ಚಿಮ್ಮುತ್ತದೆ. ಆಯಿಲ್ ಡಿಪ್‌ಸ್ಟಿಕ್ ಎಳೆದು ನೋಡಿ. ಹಾಲು ಹಾಕಿದ ಟೀ ಬಣ್ಣ ಬಂದಿದ್ದರೆ ಆಯಿಲ್‌ಗೆ ನೀರು ಸೇರಿದೆ, ಬದಲಾಯಿಸದೆ ಸ್ಟಾರ್ಟ್ ಮಾಡಬೇಡಿ. ಆಮೇಲೆ ಕಂಪ್ರೆಷನ್ ಟೆಸ್ಟ್ (ಒಂದೊಂದು ಸಿಲಿಂಡರಿನಲ್ಲಿ ಒತ್ತಡ ಎಷ್ಟಾಗುತ್ತದೆ ಅನ್ನುವ ಪರೀಕ್ಷೆ) ಮಾಡಿಸಿ. ಒಂದು ಸಿಲಿಂಡರ್ ಮಾತ್ರ ಕಡಿಮೆ ತೋರಿಸಿದರೆ ಅಲ್ಲಿ ರಾಡ್ ಬಾಗಿದೆ ಅಂತ ಅನುಮಾನ ಪಡಿ.

ಇನ್ಶೂರೆನ್ಸ್ ಬಗ್ಗೆಯೂ ಒಂದು ಮಾತು. ಕಾಂಪ್ರಹೆನ್ಸಿವ್ ಪಾಲಿಸಿ ಇದೆ ಅಂತ ನಾನೂ ನಿಶ್ಚಿಂತೆಯಿಂದ ಇದ್ದೆ. ಪ್ರವಾಹದಿಂದ ಆದ ಹಾನಿ ಬೇರೆ, ನೀವು ಸ್ಟಾರ್ಟ್ ಮಾಡಲು ಹೋಗಿ ಆದ ಹಾನಿ ಬೇರೆ ಅಂತ ಹೇಳಿ ಕ್ಲೇಮ್ ತಳ್ಳಿಹಾಕಿದರು. ಇದಕ್ಕೆಂದೇ ಎಂಜಿನ್ ಪ್ರೊಟೆಕ್ಟ್ ಅನ್ನುವ ಆಡ್-ಆನ್ ಇರುತ್ತದೆ, ರಿನ್ಯೂವಲ್ ಮಾಡುವಾಗ ಹಾಕಿಸಿ. ಇನ್‌ಟೇಕ್ ಬದಲಾಯಿಸಿದ್ದನ್ನೂ ಇನ್ಶೂರೆನ್ಸ್ ಕಂಪನಿಗೆ ಬರೆದು ತಿಳಿಸಿ, ಆಮೇಲೆ ಅದೇ ನೆಪ ಆಗದಿರಲಿ.

ಅಂಡರ್‌ಪಾಸ್‌ಗೆ ಮಾತ್ರ ಈ ಯಾವ ಲೆಕ್ಕವೂ ಬೇಡ. 2023ರ ಮೇ 21ರಂದು ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಒಬ್ಬ ಯುವತಿ ತೀರಿಕೊಂಡಿದ್ದು ನಿಮಗೂ ನೆನಪಿರಬೇಕು. ಅಲ್ಲಿ ನೀರು ಕಂಡರೆ ಫಿಲ್ಟರ್ ಎಲ್ಲಿದೆ ಅಂತ ಯೋಚಿಸುವುದೇ ಬೇಡ, ಇಳಿಯಬೇಡಿ ಅಷ್ಟೇ. ಒಳಗೆ ಸಿಕ್ಕಿಕೊಂಡರೆ ಕಾರು ಬಿಟ್ಟು ಹೊರಗೆ ಬನ್ನಿ, ಕಿಟಕಿ ಕೆಲಸ ಮಾಡುತ್ತಿರುವಾಗಲೇ ಗಾಜು ಇಳಿಸಿ.

ಇವತ್ತು ಸಂಜೆ ಒಂದು ಟೇಪು ತಗೊಂಡು ನೆಲದಿಂದ ಫಿಲ್ಟರಿನ ಕೆಳ ಅಂಚಿಗೆ ಎಷ್ಟಿದೆ ಅಂತ ಅಳೆಯಿರಿ. ಹಾಗೇ ನಿಮ್ಮದು ಟರ್ಬೊನಾ ಅಲ್ವಾ ಅನ್ನುವುದನ್ನೂ ಇಲ್ಲೇ ಬರೆಯಿರಿ, ವಾಲ್ವ್ ತಗೊಳ್ಳಬೇಕಾ ಬೇಡವಾ ಅಂತ ಆಮೇಲೆ ನೋಡೋಣ.