‘ಥಿಯರಿ ಓದಿ ಏನು ಬಂತು ಮೇಡಂ?’

ಪ್ರಶ್ನೆ: ಮೈಸೂರಿನಲ್ಲಿ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ಎಂ.ಎ. ಮೊದಲ ಸೆಮಿಸ್ಟರ್ ಓದುತ್ತಿದ್ದೇನೆ. ದಿನಾ ಮಂಡ್ಯದಿಂದ ರೈಲಿನಲ್ಲಿ ಹೋಗಿಬರುತ್ತೇನೆ. ವರದಿ ಮಾಡುವುದನ್ನು ಕಲಿಯೋಣ ಅಂತ ಸೇರಿದರೆ ಇಲ್ಲಿ ಬರೀ ಥಿಯರಿ, ಅದೂ ಇಂಗ್ಲಿಷ್ ಪುಸ್ತಕ. ಅಜೆಂಡಾ ಸೆಟ್ಟಿಂಗ್ ಅಂತ ಇಪ್ಪತ್ತು ಪುಟ ನೋಟ್ಸ್ ಬರೆದೆ, ತಲೆಗೆ ಹತ್ತಲಿಲ್ಲ. ಕಬ್ಬು ಬೆಳೆಯುವ ನಮ್ಮಪ್ಪ, ‘ಇದೆಂಥ ಹೊಸ ಕೋರ್ಸವ್ವ, ಬಿ.ಇಡಿ. ಮಾಡ್ಬಾರ್ದಿತ್ತಾ’ ಅಂತಾರೆ. ಇದನ್ನು ಬಿಟ್ಟು ಮೊಬೈಲಿನಲ್ಲೇ ಒಂದು ಸುದ್ದಿ ಚಾನೆಲ್ ಶುರು ಮಾಡಲೇ ಮೇಡಂ?
– ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಬಿಡಬೇಡಮ್ಮ. ಯಾಕೆ ಅನ್ನುವ ಮೊದಲು ನಾನು ಮಾಡಿದ ಒಂದು ತಪ್ಪು ಹೇಳುತ್ತೇನೆ, ಕೇಳು.

ವರದಿಗಾರ್ತಿಯಾಗಿ ಮಂಡ್ಯಕ್ಕೆ ಬಂದ ಮೊದಲ ವರ್ಷ ಮಳೆ ಕೈಕೊಟ್ಟಿತ್ತು. ಕನ್ನಂಬಾಡಿಯಲ್ಲಿ ನೀರೆಷ್ಟಿದೆ ಎಂಬುದೇ ಎಲ್ಲರ ಬಾಯಲ್ಲೂ. ಜಲಾಶಯದಲ್ಲಿ ಇಷ್ಟು ಸಾವಿರ ಕ್ಯೂಸೆಕ್ ನೀರು ಸಂಗ್ರಹವಿದೆ ಎಂದು ಬರೆದು ಕಳಿಸಿದೆ, ಹಾಗೇ ಅಚ್ಚಾಯಿತು. ಎರಡು ದಿನ ಬಿಟ್ಟು ಮಳವಳ್ಳಿ ಕಡೆಗೆ, ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದ ಊರಿಗೆ ಹೋದೆ. ಜಗಲಿ ಮೇಲಿದ್ದ ಹಿರಿಯರೊಬ್ಬರು ಆ ಪೇಪರನ್ನು ನನ್ನ ಕೈಗಿಟ್ಟರು. ‘ಕ್ಯೂಸೆಕ್ಕು ಅಂದ್ರೆ ಹರಿಯೋ ನೀರಿನ ಲೆಕ್ಕ ಕಣವ್ವ. ನಿಂತಿರೋ ನೀರ್ಗೆ ಟಿಎಂಸಿ. ನಾವು ಇದ ನೋಡ್ಕಂಡು ಭತ್ತದ ಒಟ್ಲು ಹಾಕೋದೋ ಬ್ಯಾಡ್ವೋ ಅಂತ ತೀರ್ಮಾನ ಮಾಡೋರು’ ಅಂದರು. ಬೈಯಲಿಲ್ಲ, ಅದೇ ಹೆಚ್ಚು ನೋಯಿಸಿತು. ಅವತ್ತು ರಾತ್ರಿ ಕೂತು ಲೆಕ್ಕ ಕಲಿತೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. 11,574 ಕ್ಯೂಸೆಕ್ ಪೂರ್ತಿ ಒಂದು ದಿನ ಹರಿದರೆ ಒಂದು ಟಿಎಂಸಿ ಆಗುತ್ತದೆ. ಈಗಲೂ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ.

ನಾನು ಪತ್ರಿಕೋದ್ಯಮ ಓದಿದವಳಲ್ಲ, ನೇರ ಕೆಲಸಕ್ಕೆ ಬಿದ್ದವಳು. ನಿನಗೆ ಎರಡು ವರ್ಷ ಸಿಕ್ಕಿದೆ. ಈ ಎರಡು ವರ್ಷ ನೀನು ತಪ್ಪಿದರೆ ಮೇಷ್ಟ್ರ ಕೆಂಪು ಶಾಯಿ ಬೀಳುತ್ತದೆ. ನಾನು ತಪ್ಪಿದಾಗ ಯಾರದೋ ಗದ್ದೆಯ ತೀರ್ಮಾನ ತಪ್ಪುತ್ತಿತ್ತು.

ಈಗ ನಿನ್ನ ಅಜೆಂಡಾ ಸೆಟ್ಟಿಂಗ್. ಮಾಧ್ಯಮ ಯಾವ ವಿಷಯಕ್ಕೆ ಹೆಚ್ಚು ಜಾಗ ಕೊಡುತ್ತದೋ ಅದೇ ಜನರಿಗೂ ದೊಡ್ಡದಾಗಿ ಕಾಣುತ್ತದೆ ಅನ್ನುವುದೇ ಅದರ ತಿರುಳು. ಇಪ್ಪತ್ತು ಪುಟ ಪಕ್ಕಕ್ಕಿಡು. 1968ರ ಅಮೆರಿಕದ ಅಧ್ಯಕ್ಷ ಚುನಾವಣೆ ಹೊತ್ತಿನಲ್ಲಿ ಮ್ಯಾಕ್ಸ್‌ವೆಲ್ ಮೆಕಾಂಬ್ಸ್, ಡೊನಾಲ್ಡ್ ಶಾ ಎಂಬ ಇಬ್ಬರು ಅಧ್ಯಾಪಕರು ಚಾಪೆಲ್ ಹಿಲ್ ಎಂಬ ಊರಿನಲ್ಲಿ, ಯಾರಿಗೆ ಓಟು ಎಂದು ಇನ್ನೂ ನಿರ್ಧರಿಸದ ನೂರು ಜನರನ್ನು ಕೇಳಿದರು: ದೇಶದ ಮುಂದಿರುವ ದೊಡ್ಡ ಸಮಸ್ಯೆ ಯಾವುದು? ಇನ್ನೊಂದು ಕಡೆ, ಅವರೆಲ್ಲ ನೋಡುವ ಪತ್ರಿಕೆ, ಟಿ.ವಿ. ಯಾವ ವಿಷಯಕ್ಕೆ ಎಷ್ಟು ಜಾಗ ಕೊಟ್ಟಿವೆ ಎಂದು ಅಳೆದರು. ಎರಡು ಪಟ್ಟಿಗಳೂ ಬಹುಪಾಲು ಹೊಂದಿಕೊಂಡವು. 1972ರಲ್ಲಿ ಅದನ್ನು ಪ್ರಕಟಿಸಿದರು. ಇಷ್ಟೇ ಅದರ ಬೇರು.

ನಿನಗೆ ಚಾಪೆಲ್ ಹಿಲ್ ಬೇಕಿಲ್ಲ, ನಿನ್ನ ರೈಲೇ ಇದೆ. ಒಂದು ತಿಂಗಳು ಎರಡು ಪತ್ರಿಕೆಗಳ ಮುಖಪುಟ ನೋಡಿ, ಮಂಡ್ಯ ಜಿಲ್ಲೆಯ ಯಾವ ಸುದ್ದಿಗೆ ಎಷ್ಟು ಕಾಲಂ ಸಿಕ್ಕಿತು ಎಂದು ನೋಟ್‌ಬುಕ್ಕಿನಲ್ಲಿ ಬರಿ. ಪಾಂಡವಪುರ, ಶ್ರೀರಂಗಪಟ್ಟಣ, ನಾಗನಹಳ್ಳಿ ದಾಟುವುದರೊಳಗೆ ಬೋಗಿಯಲ್ಲಿರುವ ಒಬ್ಬರನ್ನು ಕೇಳು: ನಿಮ್ಮೂರಿನ ದೊಡ್ಡ ತೊಂದರೆ ಯಾವುದು? ಹೂವಿನ ಬುಟ್ಟಿಯವರು, ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು, ಯಾರಾದರೂ ಸರಿ. ಮೂವತ್ತು ಜನ ಆಗಲಿ. ಆಮೇಲೆ ಎರಡೂ ಪಟ್ಟಿ ಅಕ್ಕಪಕ್ಕ ಇಡು. ಹೊಂದದ ಜಾಗ ಯಾವುದಿದೆಯೋ ಅಲ್ಲಿ ಯಾರೂ ಬರೆಯದ ಸುದ್ದಿ ಕೂತಿರುತ್ತದೆ. ಹೊಂದಿದ ಜಾಗದಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ: ಪತ್ರಿಕೆ ಬರೆದದ್ದಕ್ಕೆ ಜನ ಹಾಗಂದರೋ, ಜನ ಅನ್ನುತ್ತಿದ್ದುದಕ್ಕೆ ಪತ್ರಿಕೆ ಬರೆಯಿತೋ? ಇದನ್ನು ತರಗತಿಯಲ್ಲಿ ಕೇಳು. ಇಂಗ್ಲಿಷ್ ಅಷ್ಟು ಬಾರದಿದ್ದರೂ ಕೇಳು, ಕನ್ನಡದಲ್ಲೇ ಕೇಳು. ಆಮೇಲೆ ಪುಸ್ತಕಕ್ಕೆ ವಾಪಸ್ ಹೋದರೆ ಓದಿದ್ದು ಅರ್ಥವಾಗುತ್ತದೆ, ನಂಬು.

ಮೊಬೈಲ್ ಚಾನೆಲ್ ಬೇಡ ಎನ್ನುವುದಿಲ್ಲ. ಮೈಕ್ ಹಿಡಿಯುವ ಮುಂಚೆ ಏನು ಕೇಳಬೇಕೆಂದು ಗೊತ್ತಿರಲಿ, ಅಷ್ಟೆ.

ಅಪ್ಪನವರಿಗೆ ಹೇಳು, ಇದು ಹೊಸ ಕೋರ್ಸಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲೇ ನಾಡಿಗ ಕೃಷ್ಣಮೂರ್ತಿಯವರು ಪತ್ರಿಕೋದ್ಯಮ ಪಾಠ ಶುರು ಮಾಡಿದ್ದರು. ಕೆಲಸದ ವಿಷಯದಲ್ಲಿ ಮಾತ್ರ ಅವರ ಚಿಂತೆ ಸರಿಯೇ. ಶುರುವಿನಲ್ಲಿ ಸಂಬಳ ಕಡಿಮೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಪಾಠ ಮಾಡುವ ಆಸೆಯಿದ್ದರೆ ಎನ್‌ಇಟಿ, ಕೆ-ಸೆಟ್ ಎಂಬ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಗಳೆರಡರಲ್ಲೂ ಈ ವಿಷಯವಿದೆ, ಎಂ.ಎ. ಮುಗಿಸುತ್ತಲೇ ಓದಿಕೋ.

ಆ ಮೂವತ್ತು ಜನರಲ್ಲಿ ಅಪ್ಪನವರನ್ನೂ ಸೇರಿಸು. ಅವರು ಕಬ್ಬಿನ ಬಾಕಿ ಅಂದರೆ, ಅದು ಆ ತಿಂಗಳು ಎಷ್ಟನೇ ಪುಟದಲ್ಲಿ ಬಂದಿತ್ತೆಂದು ನೋಡಿ ನನಗೂ ಬರಿ.